ಟೆರಾಫಾರ್ಮ್ ಪ್ಲಾನಿಗೆ ಜೆಂಕಿನ್ಸ್‌ನಲ್ಲಿ ಕಾವಲು ಕಟ್ಟಿದ ಬಗೆ

ಪುಣೆಯ ಹಿಂಜವಡಿಯಲ್ಲಿ ನಮ್ಮದೊಂದು ಸಣ್ಣ ತಂಡ ಇದೆ. ಸಹಕಾರಿ ಬ್ಯಾಂಕುಗಳ ಪಾವತಿ ಲೆಕ್ಕ ತಾಳೆ ನೋಡುವ ಸಾಫ್ಟ್‌ವೇರ್ ನಡೆಸುತ್ತೇವೆ. ಸರ್ವರ್, ಡೇಟಾಬೇಸ್, ನೆಟ್‌ವರ್ಕ್ ಎಲ್ಲ ಅಮೆಜಾನ್ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿದೆ. ಅದೆಲ್ಲ ಹೇಗಿರಬೇಕು ಅಂತ ಟೆರಾಫಾರ್ಮ್ ಕೋಡ್‌ನಲ್ಲಿ ಬರೆದಿಟ್ಟಿದ್ದೇವೆ. ಏನೇನು ಬದಲಾಗಲಿದೆ ಅಂತ ಟೆರಾಫಾರ್ಮ್ ಮೊದಲು ತೋರಿಸುತ್ತದೆ, ಅದು ಪ್ಲಾನ್. ಆಮೇಲೆ ಅದನ್ನು ಜಾರಿಗೆ ತರುವುದು ಅಪ್ಲೈ. ಕೋಡ್ ಬದಲಾದರೆ ಜೆಂಕಿನ್ಸ್ ಅನ್ನುವ ಸಲಕರಣೆ ಅದನ್ನು ಹಂತ ಹಂತವಾಗಿ ತಾನೇ ಓಡಿಸುತ್ತದೆ. ಆ ಹಂತಗಳ ಸಾಲಿಗೆ ಪೈಪ್‌ಲೈನ್ ಅನ್ನುತ್ತಾರೆ, ಒಂದು ಸಲದ ಓಟಕ್ಕೆ ಬಿಲ್ಡ್.

ಈ ಕೋಡ್‌ಗೆ ನಮ್ಮಲ್ಲಿ ಕೆಲವು ನಿಯಮಗಳಿವೆ. ಡೇಟಾಬೇಸ್ ಎನ್‌ಕ್ರಿಪ್ಟ್ ಆಗಿರಬೇಕು. ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ (ಎಸ್‌ಎಸ್‌ಎಚ್) 22ನೇ ಪೋರ್ಟ್ ಇಡೀ ಇಂಟರ್ನೆಟ್‌ಗೆ ತೆರೆದಿರಬಾರದು. ಫೈಲ್ ಇಡುವ ಸ್ಟೋರೇಜ್ ಬಕೆಟ್ ಪಬ್ಲಿಕ್ ಆಗಿರಬಾರದು. ಪ್ರತಿ ರಿಸೋರ್ಸ್‌ಗೂ, ಅಂದರೆ ಸರ್ವರ್, ಬಕೆಟ್‌ನಂಥ ಪ್ರತಿಯೊಂದಕ್ಕೂ, ಯಾರ ಹೊಣೆ ಅಂತ ಹೇಳುವ ಟ್ಯಾಗ್ ಬೇಕು. ಡೇಟಾ ಭಾರತದ ಹೊರಗೆ ಹೋಗಬಾರದು. ಕೊನೆಯದು ನಾವೇ ಮಾಡಿಕೊಂಡ ನಿಯಮವಲ್ಲ. ಪಾವತಿ ವ್ಯವಸ್ಥೆಯ ಡೇಟಾವನ್ನು ಭಾರತದಲ್ಲೇ ಇಡಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರ ಸುತ್ತೋಲೆಯಲ್ಲೇ ಹೇಳಿದೆ. ನಮ್ಮ ಗ್ರಾಹಕ ಬ್ಯಾಂಕುಗಳು ವರ್ಷ ವರ್ಷ ಅದನ್ನು ಕೇಳುತ್ತವೆ.

ಮೊದಲು ಈ ನಿಯಮಗಳೆಲ್ಲ ಒಂದು ವಿಕಿ ಪುಟದಲ್ಲಿದ್ದವು. ಕೋಡ್ ರಿವ್ಯೂ ಮಾಡುವವರು ಅವನ್ನು ನೆನಪಿಟ್ಟುಕೊಂಡು ಕಣ್ಣಲ್ಲೇ ಹುಡುಕಬೇಕಿತ್ತು. ಗಣೇಶ ಹಬ್ಬದ ಹೊತ್ತಿಗೆ ಹಿರಿಯರು ರಜೆ ಹಾಕಿದರೆ ಕೋಡ್ ಕಾಯುತ್ತಾ ಕೂರುತ್ತಿತ್ತು, ಇಲ್ಲವೇ ಯಾರೋ ಮೇಲೆ ಮೇಲೆ ನೋಡಿ ಬಿಡುತ್ತಿದ್ದರು. ಮನುಷ್ಯರು ವಿನ್ಯಾಸ ನೋಡಲಿ, ಹೌದು-ಅಲ್ಲ ಅಂತ ಹೇಳಬಹುದಾದ ನಿಯಮಗಳನ್ನು ಯಂತ್ರ ನೋಡಲಿ ಅಂತ ತೀರ್ಮಾನಿಸಿದೆವು.

ಯಾವ ಸಲಕರಣೆ

ನಿಯಮ ತಪಾಸಣೆಗೆ ಟೆರಾಫಾರ್ಮ್ ಮಾಡುವ ಹಾಶಿಕಾರ್ಪ್‌ನದೇ ಸೆಂಟಿನೆಲ್ ಇದೆ. ಆದರೆ ಅದು ಅವರದೇ ಎಚ್‌ಸಿಪಿ ಟೆರಾಫಾರ್ಮ್ ಅಥವಾ ಎಂಟರ್‌ಪ್ರೈಸ್ ಜೊತೆ ಬಳಸುವಂಥದ್ದು. ಜೆಂಕಿನ್ಸ್‌ನಲ್ಲಿರುವ ನಮಗೆ ಹೊಂದಲಿಲ್ಲ. ಕೋಡ್ ತಪಾಸಣೆ ಮಾಡುವ ಚೆಕಾವ್‌ನಲ್ಲಿ ಸಿದ್ಧ ನಿಯಮಗಳು ರಾಶಿ ಇವೆ. ಅಂಥದ್ದೇ ಟಿಎಫ್‌ಸೆಕ್ ಈಗ ಟ್ರಿವಿ ಅನ್ನುವ ಇನ್ನೊಂದು ಸಲಕರಣೆಯೊಳಗೆ ಸೇರಿಕೊಂಡಿದೆ. ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ನಿಯಮಗಳಿಗೆ ಚೆಕಾವ್ ಇಟ್ಟುಕೊಂಡೆವು. ನಮ್ಮದೇ ನಿಯಮಗಳಿಗೆ ಓಪನ್ ಪಾಲಿಸಿ ಏಜೆಂಟ್ ಆರಿಸಿದೆವು, ಎಲ್ಲರೂ ಓಪಾ ಅನ್ನುತ್ತಾರೆ. ಅದರ ಭಾಷೆ ರೆಗೊ. ಪೈಪ್‌ಲೈನ್‌ನಲ್ಲಿ ಓಡಿಸಲು ಕಾನ್ಫ್‌ಟೆಸ್ಟ್ ಅನ್ನುವ ಸಣ್ಣ ಕಮಾಂಡ್ ಇದೆ.

ಓಪಾ 2021ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ನ ಗ್ರ್ಯಾಜುಯೇಟೆಡ್ ಹಂತ, ಅಂದರೆ ಪಕ್ವವಾಗಿದೆ ಅಂತ ಒಪ್ಪುವ ಹಂತ, ಮುಟ್ಟಿದ ಯೋಜನೆ. ನಾಳೆ ಕೈಬಿಟ್ಟು ಹೋಗುವಂಥದ್ದಲ್ಲ ಅನ್ನುವ ಧೈರ್ಯ ಅದರಿಂದ ಬಂತು. ಒಂದು ಎಚ್ಚರಿಕೆ ಮಾತ್ರ. 2024ರ ಡಿಸೆಂಬರ್‌ನಲ್ಲಿ ಓಪಾ 1.0 ಬಂದಾಗ ನಿಯಮ ಬರೆಯುವ ರೀತಿ ಬಿಗಿಯಾಯಿತು. ಮೊದಲು ಬೇಕಾದರೆ ಹಾಕುತ್ತಿದ್ದ ಇಫ್ ಮತ್ತು ಕಂಟೇನ್ಸ್ ಪದಗಳು ಈಗ ಕಡ್ಡಾಯ. ನೆಟ್‌ನಲ್ಲಿ ಸಿಗುವ ಹಳೆಯ ಉದಾಹರಣೆಗಳನ್ನು ಹಾಗೇ ಅಂಟಿಸಿದರೆ ಓದುವ ಹಂತದಲ್ಲೇ ನಿಲ್ಲುತ್ತವೆ. ಅದಕ್ಕೇ ಕಾನ್ಫ್‌ಟೆಸ್ಟ್‌ನ ಆವೃತ್ತಿಯನ್ನು ಕಂಟೇನರ್ ಇಮೇಜ್‌ನಲ್ಲಿ ನಿಗದಿ ಮಾಡಿಟ್ಟೆವು. ಲೇಟೆಸ್ಟ್ ಅನ್ನುವ ಟ್ಯಾಗ್ ಇಲ್ಲಿ ಬೇಡವೇ ಬೇಡ.

ಕೋಡ್ ಅಲ್ಲ, ಪ್ಲಾನ್ ನೋಡಬೇಕು

ನಿಯಮವನ್ನು ಕೋಡ್ ಮೇಲೆ ಓಡಿಸಬೇಕಾ, ಪ್ಲಾನ್ ಮೇಲೆ ಓಡಿಸಬೇಕಾ ಅನ್ನುವುದು ಮೊದಲ ಪ್ರಶ್ನೆ. ಕೋಡ್‌ನಲ್ಲಿ ಬಹಳಷ್ಟು ವೇರಿಯಬಲ್ ಇರುತ್ತವೆ, ಮತ್ತೆ ಮತ್ತೆ ಬಳಸುವ ಕೋಡ್ ತುಂಡುಗಳಾದ ಮಾಡ್ಯೂಲ್‌ಗಳು ಇರುತ್ತವೆ. ಪರೀಕ್ಷೆಗಿರುವ ಸ್ಟೇಜಿಂಗ್‌ನಲ್ಲಿ ವೇರಿಯಬಲ್‌ಗೆ ಒಂದು ಬೆಲೆ (ವ್ಯಾಲ್ಯೂ), ಗ್ರಾಹಕರು ಬಳಸುವ ಪ್ರೊಡಕ್ಷನ್‌ನಲ್ಲಿ ಇನ್ನೊಂದು. ಪ್ಲಾನ್ ಮಾಡಿದಾಗ ಇವೆಲ್ಲ ಬಿಡಿಸಿಕೊಂಡು ಬಹುತೇಕ ನಿಜವಾದ ಬೆಲೆಗಳೇ ಕಾಣುತ್ತವೆ. ಹಾಗಾಗಿ ನಮ್ಮ ನಿಯಮಗಳೆಲ್ಲ ಪ್ಲಾನ್ ಮೇಲೆ. ಚೆಕಾವ್ ಮಾತ್ರ ಅದಕ್ಕೂ ಮುಂಚೆ ಕೋಡ್ ಮೇಲೆ ಓಡುತ್ತದೆ, ಯಾಕೆಂದರೆ ಅದಕ್ಕೆ ಕ್ಲೌಡ್‌ನ ಕೀಲಿ ಬೇಕಾಗಿಲ್ಲ, ಉತ್ತರ ಬೇಗ ಸಿಗುತ್ತದೆ.

ಕೆಲಸದ ಸಾಲು ಹೀಗಿದೆ. ಪ್ಲಾನ್ ಮಾಡಿ ಫೈಲ್‌ಗೆ ಉಳಿಸುವುದು. ಟೆರಾಫಾರ್ಮ್ ಶೋ ಕಮಾಂಡ್‌ನಿಂದ ಅದನ್ನು ಯಂತ್ರ ಓದಬಲ್ಲ ಜೇಸನ್ ರೂಪಕ್ಕೆ ತರುವುದು. ಆ ಜೇಸನ್ ಅನ್ನು ಕಾನ್ಫ್‌ಟೆಸ್ಟ್‌ಗೆ ಕೊಡುವುದು. ಎಲ್ಲ ದಾಟಿದರೆ ಉಳಿಸಿಟ್ಟ ಅದೇ ಪ್ಲಾನ್ ಫೈಲ್ ಅನ್ನೇ ಅಪ್ಲೈ ಮಾಡುವುದು. ಈ ಕೊನೆಯ ಮಾತಿನಲ್ಲಿ ರಾಜಿ ಇಲ್ಲ. ಅಪ್ಲೈ ಹಂತದಲ್ಲಿ ಹೊಸದಾಗಿ ಪ್ಲಾನ್ ಮಾಡಿದರೆ, ತಪಾಸಣೆ ಮಾಡಿದ್ದು ಒಂದು, ಜಾರಿಗೆ ಬಂದದ್ದು ಇನ್ನೊಂದು ಆಗಿಬಿಡಬಹುದು.

ಜೇಸನ್‌ನಲ್ಲಿ ರಿಸೋರ್ಸ್ ಚೇಂಜಸ್ ಅನ್ನುವ ಪಟ್ಟಿ ಮುಖ್ಯ. ಪ್ರತಿ ರಿಸೋರ್ಸ್‌ಗೂ ಅಲ್ಲಿ ವಿಳಾಸ, ಬಗೆ, ಏನು ಮಾಡಲಿದೆ ಅನ್ನುವ ಆಕ್ಷನ್ಸ್, ಮೊದಲಿನ ಸ್ಥಿತಿಯ ಬಿಫೋರ್, ಆಮೇಲಿನ ಸ್ಥಿತಿಯ ಆಫ್ಟರ್ ಇರುತ್ತವೆ. ಅಳಿಸುವ ರಿಸೋರ್ಸ್‌ನಲ್ಲಿ ಆಫ್ಟರ್ ನಲ್, ಅಂದರೆ ಖಾಲಿ, ಆಗಿರುತ್ತದೆ. ಹಳೆಯದನ್ನು ಅಳಿಸಿ ಹೊಸದು ಮಾಡುವಾಗ ಆಕ್ಷನ್ಸ್‌ನಲ್ಲಿ ಡಿಲೀಟ್, ಕ್ರಿಯೇಟ್ ಎರಡೂ ಬರುತ್ತವೆ. ಡೇಟಾಬೇಸ್ ಸಾಲಿನಲ್ಲಿ ಡಿಲೀಟ್ ಕಂಡರೆ ಸಾಕು, ನಮ್ಮಲ್ಲಿ ಪೈಪ್‌ಲೈನ್ ನಿಲ್ಲುತ್ತದೆ. ನಾವು ಬರೆದ ನಿಯಮಗಳಲ್ಲಿ ಅತಿ ಚಿಕ್ಕದು ಇದೇ, ನನಗೆ ಅತಿ ಪ್ರಿಯವಾದದ್ದೂ ಇದೇ. ಹೆಸರು ಬದಲಿಸಿದ್ದೊಂದೇ ಕಾರಣಕ್ಕೆ ಟೆರಾಫಾರ್ಮ್ ಇಡೀ ಡೇಟಾಬೇಸ್ ಅಳಿಸಿ ಹೊಸದು ಮಾಡಲು ಹೊರಡಬಹುದು. ಉದ್ದದ ಪ್ಲಾನ್ ಔಟ್‌ಪುಟ್‌ನಲ್ಲಿ ಆ ಒಂದು ಸಾಲು ಕಣ್ಣಿಗೆ ಬೀಳದೇ ಹೋಗಬಹುದು.

ಜೇಸನ್ ಪ್ಲಾನ್ ಬಗ್ಗೆ ಇನ್ನೆರಡು ವಿಷಯ ಹೇಳಲೇಬೇಕು. ಟರ್ಮಿನಲ್‌ನಲ್ಲಿ ಪಾಸ್‌ವರ್ಡ್‌ನಂಥವು ಸೆನ್ಸಿಟಿವ್ ಅಂತ ಮುಚ್ಚಿರುತ್ತವೆ. ಜೇಸನ್‌ನಲ್ಲಿ ಅವು ಬಯಲಾಗೇ ಬರುತ್ತವೆ. ಅದನ್ನು ಜೆಂಕಿನ್ಸ್‌ನಲ್ಲಿ ಆರ್ಟಿಫ್ಯಾಕ್ಟ್, ಅಂದರೆ ಬಿಲ್ಡ್ ಜೊತೆ ಇಡುವ ಫೈಲ್, ಆಗಿ ಉಳಿಸಿದರೆ ಬಿಲ್ಡ್ ನೋಡಬಲ್ಲ ಎಲ್ಲರೂ ಪಾಸ್‌ವರ್ಡ್ ನೋಡಬಲ್ಲರು. ನಾವು ಜೇಸನ್ ಉಳಿಸುವುದಿಲ್ಲ, ತಪಾಸಣೆ ಮುಗಿದ ಕೂಡಲೇ ಅಳಿಸುತ್ತೇವೆ. ಎರಡನೆಯದು, ಪ್ಲಾನ್ ಅಂದರೆ ಬರೀ ಓದುವುದು ಅಂತ ತಿಳಿಯಬೇಡಿ. ಹೊರಗಿನ ಪ್ರೋಗ್ರಾಮ್‌ನಿಂದ ಮಾಹಿತಿ ತರುವ ಎಕ್ಸ್‌ಟರ್ನಲ್ ಅನ್ನುವ ಡೇಟಾ ಸೋರ್ಸ್ ಇದ್ದರೆ ಪ್ಲಾನ್ ಹೊತ್ತಿಗೇ ಯಾವ ಪ್ರೋಗ್ರಾಮ್ ಬೇಕಾದರೂ ಓಡುತ್ತದೆ. ಇನ್ನೂ ರಿವ್ಯೂ ಆಗದ ಕೋಡ್ ಮೇಲೆ ಪ್ಲಾನ್ ಮಾಡುವ ಹಂತಕ್ಕೆ ಓದುವ ಹಕ್ಕು ಮಾತ್ರ ಇರುವ ರೋಲ್ ಕೊಟ್ಟಿದ್ದೇವೆ. ಬರೆಯುವ ಹಕ್ಕಿನ ರೋಲ್ ಮುಖ್ಯ ಬ್ರಾಂಚ್‌ಗೆ ಮಾತ್ರ.

22ನೇ ಪೋರ್ಟ್

ಮೊದಲ ನಿಯಮ ಸುಲಭದ್ದು ಅಂತ ಇದನ್ನೇ ಹಿಡಿದೆವು. ಹಿಡಿದ ಮೇಲೆ ಇದೇ ಎಲ್ಲಕ್ಕಿಂತ ಜಾಸ್ತಿ ಕಲಿಸಿತು.

ಸರಳ ರೂಪ ಹೀಗೆ: ಅಮೆಜಾನ್‌ನ ಫೈರ್‌ವಾಲ್ ಆದ ಸೆಕ್ಯೂರಿಟಿ ಗ್ರೂಪ್‌ನ ಒಳಬರುವ ಸಾಲಿನಲ್ಲಿ ವಿಳಾಸ 0.0.0.0/0, ಅಂದರೆ ಇಡೀ ಇಂಟರ್ನೆಟ್, ಇದ್ದು, ಪೋರ್ಟ್ 22 ಆಗಿದ್ದರೆ ತಡೆ. ಇದು ಹಿಡಿಯುವುದಕ್ಕಿಂತ ಬಿಡುವುದೇ ಹೆಚ್ಚು. ಪೋರ್ಟ್ ವ್ಯಾಪ್ತಿ 20ರಿಂದ 30 ಅಂತ ಬರೆದಿದ್ದರೆ 22 ಅದರೊಳಗೆ ಅಡಗಿರುತ್ತದೆ. ಸರಿ, ಆರಂಭ 22ಕ್ಕಿಂತ ಹೆಚ್ಚಿಲ್ಲ, ಕೊನೆ 22ಕ್ಕಿಂತ ಕಡಿಮೆಯಿಲ್ಲ ಅಂತ ಬದಲಿಸಿದೆವು. ಆಮೇಲೆ ಪ್ರೋಟೋಕಾಲ್ ಮೈನಸ್ 1 ಎದುರಾಯಿತು. ಅಮೆಜಾನ್‌ನಲ್ಲಿ ಅದಕ್ಕೆ ಎಲ್ಲ ಪ್ರೋಟೋಕಾಲ್, ಎಲ್ಲ ಪೋರ್ಟ್ ಅಂತ ಅರ್ಥ. ಆಗ ಆರಂಭ 0, ಕೊನೆಯೂ 0. ಸೊನ್ನೆ 22ಕ್ಕಿಂತ ಕಡಿಮೆ, ಹಾಗಾಗಿ ನಿಯಮ ಸುಮ್ನೆ ಬಿಟ್ಟುಬಿಡುತ್ತದೆ. ಅಂದರೆ ಒಂದು ಬಾಗಿಲು ತೆರೆದವರನ್ನು ತಡೆದು, ಇಡೀ ಮನೆ ತೆರೆದಿಟ್ಟವರನ್ನು ಬಿಟ್ಟ ಹಾಗೆ.

ಅಲ್ಲಿಗೂ ಮುಗಿಯಲಿಲ್ಲ. ಇದೇ ವಿಷಯವನ್ನು ಟೆರಾಫಾರ್ಮ್‌ನಲ್ಲಿ ಮೂರು ರೀತಿ ಬರೆಯಬಹುದು. ಸೆಕ್ಯೂರಿಟಿ ಗ್ರೂಪ್‌ನ ಒಳಗೇ, ಒಳಬರುವುದನ್ನು ಹೇಳುವ ಇಂಗ್ರೆಸ್ ಬ್ಲಾಕ್ ಹಾಕಬಹುದು. ಸೆಕ್ಯೂರಿಟಿ ಗ್ರೂಪ್ ರೂಲ್ ಅನ್ನುವ ಬೇರೆ ರಿಸೋರ್ಸ್ ಬಳಸಬಹುದು. ಇತ್ತೀಚಿನದಾದ ವಿಪಿಸಿ ಸೆಕ್ಯೂರಿಟಿ ಗ್ರೂಪ್ ಇಂಗ್ರೆಸ್ ರೂಲ್ ಬಳಸಬಹುದು. ಮೊದಲೆರಡರಲ್ಲಿ ವಿಳಾಸಗಳು ಪಟ್ಟಿಯಾಗಿ ಬರುತ್ತವೆ. ಮೂರನೆಯದರಲ್ಲಿ ಒಂದೇ ವಿಳಾಸ, ಫೀಲ್ಡ್‌ನ ಹೆಸರೂ ಬೇರೆ. ಎಲ್ಲ ಪೋರ್ಟ್ ತೆರೆದಾಗ ಅದರಲ್ಲಿ ಪೋರ್ಟ್ ಜಾಗ ಖಾಲಿಯಾಗೇ ಇರುತ್ತದೆ. ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸಗಳಿಗೆ ಬೇರೆಯೇ ಫೀಲ್ಡ್, ಅಲ್ಲಿ ಇಡೀ ಇಂಟರ್ನೆಟ್ ಅಂದರೆ ::/0. ಒಂದು ಬಗೆಗೆ ಮಾತ್ರ ನಿಯಮ ಬರೆದು ಸುಮ್ಮನಾದರೆ ಉಳಿದ ದಾರಿಗಳು ತೆರೆದೇ ಇರುತ್ತವೆ.

ಕೊನೆಗೆ ಮೂರೂ ಬಗೆಯನ್ನು ಮೊದಲು ಒಂದೇ ಆಕಾರಕ್ಕೆ ತರುವ ಸಹಾಯಕ ಫೈಲ್ ಬರೆದೆವು. ವಿಳಾಸ, ಆರಂಭದ ಪೋರ್ಟ್, ಕೊನೆಯ ಪೋರ್ಟ್, ಅಷ್ಟೇ. ಮೈನಸ್ 1 ಬಂದರೆ ಅದು 0ಯಿಂದ 65535 ಅಂತ ಬದಲಾಗುತ್ತದೆ. ನಿಯಮ ಈ ಒಂದೇ ಆಕಾರವನ್ನು ನೋಡುತ್ತದೆ. ಆಮೇಲೆ ಬಂದ ಡೇಟಾಬೇಸ್ ಪೋರ್ಟ್‌ಗಳ ನಿಯಮಕ್ಕೂ ಇದೇ ಸಾಕಾಯಿತು.

ನಿಯಮವನ್ನು ಮಗುಚಿಯೂ ಹಾಕಿದೆವು. 0.0.0.0/0 ಅಂತ ಅಕ್ಷರ ಹೋಲಿಸಿದರೆ, 0.0.0.0/1 ಮತ್ತು 128.0.0.0/1 ಅಂತ ಎರಡು ಸಾಲು ಬರೆದವರು ದಾಟಿ ಹೋಗುತ್ತಾರೆ. ಎರಡೂ ಸೇರಿದರೆ ಇಡೀ ಇಂಟರ್ನೆಟ್ ಅಲ್ವಾ? ಹಾಗಾಗಿ ಬೇಡದ್ದರ ಪಟ್ಟಿ ಬಿಟ್ಟು, ಬೇಕಾದ್ದರ ಪಟ್ಟಿ ಇಟ್ಟೆವು. ಆಫೀಸಿನ ವಿಪಿಎನ್ ಮತ್ತು ನಮ್ಮದೇ ಒಳ ನೆಟ್‌ವರ್ಕ್ ಬಿಟ್ಟು ಬೇರೆ ಎಲ್ಲಿಂದಲೂ 22 ತೆರೆಯುವ ಹಾಗಿಲ್ಲ. ಒಂದು ವಿಳಾಸ ಇನ್ನೊಂದು ವ್ಯಾಪ್ತಿಯೊಳಗೆ ಇದೆಯಾ ಅಂತ ನೋಡಲು ರೆಗೊದಲ್ಲೇ ನೆಟ್ ಸಿಐಡಿಆರ್ ಕಂಟೇನ್ಸ್ ಅನ್ನುವ ಫಂಕ್ಷನ್ ಇದೆ.

ಇಲ್ಲದ್ದು, ನಲ್ ಆಗಿದ್ದು, ಸುಳ್ಳಾಗಿದ್ದು

ರೆಗೊ ಹೊಸದಾಗಿ ಕಲಿಯುವವರು ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ಬೇರೆ ಭಾಷೆಗಳ ಅಭ್ಯಾಸ ಇಲ್ಲಿ ಕೈಕೊಡುತ್ತದೆ.

ಡೇಟಾಬೇಸ್ ಎನ್‌ಕ್ರಿಪ್ಟ್ ಆಗಿರಬೇಕು ಅನ್ನುವ ನಿಯಮವನ್ನು ಎಲ್ಲರೂ ಮೊದಲು ಬರೆಯುವುದು ಹೀಗೆ: ಸ್ಟೋರೇಜ್ ಎನ್‌ಕ್ರಿಪ್ಟೆಡ್ ಫೀಲ್ಡ್ ಫಾಲ್ಸ್ ಆಗಿದ್ದರೆ ತಡೆ. ಆದರೆ ಯಾರೂ ಬೇಕೆಂದೇ ಫಾಲ್ಸ್ ಅಂತ ಬರೆಯುವುದಿಲ್ಲ. ಆ ಸಾಲನ್ನು ಬರೆಯಲು ಮರೆಯುತ್ತಾರೆ, ಅಷ್ಟೇ. ಆಗ ಪ್ಲಾನ್‌ನಲ್ಲಿ ಅದರ ಬೆಲೆ ನಲ್. ನಲ್ ಅಂದರೆ ಫಾಲ್ಸ್ ಅಲ್ಲ, ಹಾಗಾಗಿ ನಿಯಮ ಹೊಡೆಯುವುದಿಲ್ಲ.

ಸರಿ, ನಾಟ್ ಹಾಕೋಣ ಅಂದರೆ ಅದೂ ಕೈಗೆ ಬರುವುದಿಲ್ಲ. ಪೈಥಾನ್ ಭಾಷೆಯಲ್ಲಿ ಖಾಲಿ ಅನ್ನುವ ಬೆಲೆ ನನ್ (None), ಅದು ಸುಳ್ಳು ಅಂತಲೇ ಲೆಕ್ಕ. ರೆಗೊದಲ್ಲಿ ಹಾಗಿಲ್ಲ. ಅಲ್ಲಿ ಸುಳ್ಳು ಅನ್ನಿಸಿಕೊಳ್ಳುವುದು ಎರಡೇ: ಫಾಲ್ಸ್, ಮತ್ತು ಬೆಲೆಯೇ ಇಲ್ಲದ ಅನ್‌ಡಿಫೈನ್ಡ್. ನಲ್ ಇದ್ದರೆ ಬೆಲೆ ಇದೆ ಅಂತಲೇ ಅರ್ಥ. ನಾಟ್ ಅದನ್ನು ನೋಡಿ ಸುಮ್ಮನಾಗುತ್ತದೆ.

ಹಾಗಾದರೆ ಟ್ರೂ ಅಲ್ಲದಿದ್ದರೆ ತಡೆ ಅಂತ ಬರೆಯೋಣ. ನಲ್ ಸಿಕ್ಕಿಬೀಳುತ್ತದೆ. ಆದರೆ ಫೀಲ್ಡ್ ಪೂರ್ತಿ ಇಲ್ಲದಿದ್ದರೆ ಹೋಲಿಕೆಯೇ ಅನ್‌ಡಿಫೈನ್ಡ್ ಆಗಿ ನಿಯಮ ಮತ್ತೆ ಮೌನ. ಇದು ಊಹೆಯ ಮಾತಲ್ಲ. ಅಮೆಜಾನ್‌ನ ಡಿಸ್ಕ್ ಆದ ಇಬಿಎಸ್ ವಾಲ್ಯೂಮ್‌ನಲ್ಲಿ ಎನ್‌ಕ್ರಿಪ್ಟೆಡ್ ಸಾಲು ಬರೆಯದಿದ್ದರೆ ಆ ಬೆಲೆ ಅಪ್ಲೈ ಆದ ಮೇಲಷ್ಟೇ ತಿಳಿಯುವಂಥದ್ದು. ಹಾಗಾಗಿ ಅದು ಆಫ್ಟರ್‌ನಲ್ಲಿ ಇರುವುದೇ ಇಲ್ಲ, ಪಕ್ಕದ ಆಫ್ಟರ್ ಅನ್‌ನೋನ್ ಅನ್ನುವ ಭಾಗದಲ್ಲಿರುತ್ತದೆ.

ನಮ್ಮಲ್ಲಿ ನಿಂತ ರೂಪ ಇದು: ಆಬ್ಜೆಕ್ಟ್ ಗೆಟ್ ಫಂಕ್ಷನ್‌ನಿಂದ ಫೀಲ್ಡ್ ಕೇಳುವುದು, ಇಲ್ಲದಿದ್ದರೆ ಫಾಲ್ಸ್ ಅಂತ ತೆಗೆದುಕೊಳ್ಳುವುದು, ಸಿಕ್ಕಿದ್ದು ಟ್ರೂಗೆ ಸಮ ಅಲ್ಲದಿದ್ದರೆ ತಡೆಯುವುದು. ಇಲ್ಲದ್ದು, ನಲ್, ಫಾಲ್ಸ್, ಮೂರೂ ಸಿಕ್ಕಿಬೀಳುತ್ತವೆ. ಅಪ್ಲೈ ಆದ ಮೇಲೆ ತಿಳಿಯುವ ಬೆಲೆಗೂ ತಡೆಯೇ. ಕೋಡ್ ಬರೆಯುವವರು ಆ ಸಾಲನ್ನು ಬಾಯಿಬಿಟ್ಟು ಹೇಳಬೇಕು ಅಂತಲೇ ನಮ್ಮ ನಿಲುವು. ಅಕೌಂಟ್ ಮಟ್ಟದಲ್ಲಿ ಡೀಫಾಲ್ಟ್ ಎನ್‌ಕ್ರಿಪ್ಶನ್ ಇದೆಯಲ್ಲ, ಯಾಕೆ ಬರೆಯಬೇಕು ಅಂತ ಕೇಳಿದವರಿದ್ದಾರೆ. ನಾಳೆ ಅದೇ ಮಾಡ್ಯೂಲ್ ಇನ್ನೊಂದು ಅಕೌಂಟ್‌ಗೆ ಹೋಗುತ್ತದೆ, ಅಲ್ಲಿ ಆ ಡೀಫಾಲ್ಟ್ ಇಲ್ಲದಿರಬಹುದು.

ಟ್ಯಾಗ್ ನಿಯಮ ಇದರ ತಿರುಗುಮುರುಗು. ಅದು ಸರಿ ಇದ್ದವರನ್ನೂ ತಡೆಯುತ್ತಿತ್ತು. ಪ್ರೊವೈಡರ್‌ನಲ್ಲಿ, ಅಂದರೆ ಟೆರಾಫಾರ್ಮ್ ಅನ್ನು ಅಮೆಜಾನ್‌ಗೆ ಜೋಡಿಸುವ ಭಾಗದಲ್ಲಿ, ಡೀಫಾಲ್ಟ್ ಟ್ಯಾಗ್ಸ್ ಕೊಟ್ಟರೆ ಅವು ಟ್ಯಾಗ್ಸ್ ಫೀಲ್ಡ್‌ನಲ್ಲಿ ಕಾಣುವುದಿಲ್ಲ, ಟ್ಯಾಗ್ಸ್ ಆಲ್‌ನಲ್ಲಿ ಕಾಣುತ್ತವೆ. ಫೀಲ್ಡ್ ಹೆಸರು ಬದಲಿಸಿದೆವು, ಮುಗಿಯಿತು.

ಬಕೆಟ್ ಮತ್ತು ರೀಜನ್

ಅಮೆಜಾನ್ ಪ್ರೊವೈಡರ್‌ನ 4ನೇ ಆವೃತ್ತಿ 2022ರಲ್ಲಿ ಬಂದಾಗ ಬಕೆಟ್‌ನ ಹಲವು ಸೆಟ್ಟಿಂಗ್‌ಗಳು ಬೇರೆ ಬೇರೆ ರಿಸೋರ್ಸ್‌ಗಳಾಗಿ ಒಡೆದವು. ಬಕೆಟ್ ಪಬ್ಲಿಕ್ ಆಗದಂತೆ ತಡೆಯುವ ಪಬ್ಲಿಕ್ ಆಕ್ಸೆಸ್ ಬ್ಲಾಕ್ ಅಂತೂ ಅದಕ್ಕೂ ಮೊದಲೇ ಬೇರೆ ರಿಸೋರ್ಸ್ ಆಗಿತ್ತು. ಪ್ರತಿ ಬಕೆಟ್‌ಗೂ ಒಂದು ಬ್ಲಾಕ್ ಇದೆಯಾ ಅಂತ ನೋಡಲು ಎರಡನ್ನೂ ಜೋಡಿಸಬೇಕು. ಹೊಸ ಬಕೆಟ್ ಆದರೆ ಅದರ ಐಡಿ ಪ್ಲಾನ್ ಹೊತ್ತಿಗೆ ಗೊತ್ತಿರುವುದಿಲ್ಲ. ಆಗ ಜೇಸನ್‌ನ ಕಾನ್ಫಿಗರೇಶನ್ ಭಾಗಕ್ಕೆ ಹೋಗಿ, ಯಾವುದು ಯಾವುದನ್ನು ರೆಫರ್ ಮಾಡುತ್ತದೆ ಅಂತ ಹುಡುಕಬೇಕು. ಒಂದೇ ಮಾಡ್ಯೂಲ್‌ನಲ್ಲಿ ಒಂದೇ ಬಕೆಟ್ ಇದ್ದರೆ ಇದು ಆಗುತ್ತದೆ. ಒಂದೇ ಬರಹದಿಂದ ಹಲವು ಬಕೆಟ್ ಮಾಡುವ ಫಾರ್ ಈಚ್ ಬಂದರೆ ಕಾನ್ಫಿಗರೇಶನ್‌ನಲ್ಲಿ ಒಂದೇ ನಮೂದು, ಪ್ಲಾನ್‌ನಲ್ಲಿ ಹಲವು. ಮಾಡ್ಯೂಲ್ ಒಳಗೆ ಮಾಡ್ಯೂಲ್ ಬಂದರೆ ಇನ್ನೂ ಕಗ್ಗಂಟು.

ನಿಯಮ ಉದ್ದವಾಗುತ್ತಾ ಹೋಯಿತು. ಓದಿದರೆ ಅರ್ಥವಾಗದ ನಿಯಮವನ್ನು ಯಾರೂ ನಂಬುವುದಿಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಹಾಗಾಗಿ ಅದನ್ನು ಕೈಬಿಟ್ಟು ಬೇರೆ ದಾರಿ ಹಿಡಿದೆವು. ಬಕೆಟ್, ಬ್ಲಾಕ್, ಹಳೆಯ ಪ್ರತಿಗಳನ್ನು ಉಳಿಸುವ ವರ್ಶನಿಂಗ್ ಮೂರನ್ನೂ ಒಟ್ಟಿಗೆ ಮಾಡುವ ನಮ್ಮದೇ ಮಾಡ್ಯೂಲ್ ಬರೆದೆವು. ನಿಯಮ ಈಗ ಒಂದೇ ಮಾತು ಹೇಳುತ್ತದೆ: ಈ ಮಾಡ್ಯೂಲ್‌ನ ಹೊರಗೆ ಬಕೆಟ್ ಮಾಡಬೇಡಿ. ಜೊತೆಗೆ ಅಕೌಂಟ್ ಮಟ್ಟದಲ್ಲೂ ಪಬ್ಲಿಕ್ ಆಕ್ಸೆಸ್ ಮುಚ್ಚಿದ್ದೇವೆ. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆ ಅಮೆಜಾನ್ ತಾನೇ ಇದನ್ನು ಹಾಕುತ್ತದೆ, ಆದರೆ ನಮ್ಮ ಹಳೆಯ ಬಕೆಟ್‌ಗಳು ಅದಕ್ಕೂ ಮೊದಲಿನವು.

ರೀಜನ್ ನಿಯಮದಲ್ಲಿ ತೊಡಕು ಬೇರೆ. ಪ್ರೊವೈಡರ್‌ನ 6ನೇ ಆವೃತ್ತಿಗಿಂತ ಮೊದಲು ರಿಸೋರ್ಸ್‌ನ ಆಫ್ಟರ್‌ನಲ್ಲಿ ರೀಜನ್ ಇರುತ್ತಿರಲಿಲ್ಲ. ಪ್ರೊವೈಡರ್ ಕಾನ್ಫಿಗ್‌ನಲ್ಲಿ ನೋಡಬೇಕು. ಅಲ್ಲಿ ನೇರ ಬೆಲೆ ಇದ್ದರೆ ಸರಿ. ವೇರಿಯಬಲ್ ಇದ್ದರೆ ಅದರ ಹೆಸರು ಹಿಡಿದು ಪ್ಲಾನ್‌ನ ವೇರಿಯಬಲ್ಸ್ ಭಾಗದಲ್ಲಿ ಬೆಲೆ ಹುಡುಕಬೇಕು. 2025ರಲ್ಲಿ ಬಂದ 6ನೇ ಆವೃತ್ತಿಯಲ್ಲಿ ರಿಸೋರ್ಸ್‌ಗೇ ರೀಜನ್ ಬರೆಯಬಹುದು. ಒಳ್ಳೆಯದೇ, ಆದರೆ ಪ್ರೊವೈಡರ್ ಮಾತ್ರ ನೋಡುವ ಹಳೆಯ ನಿಯಮದ ಕಣ್ಣು ತಪ್ಪಿಸಿ ಒಂದು ರಿಸೋರ್ಸ್ ಸಿಂಗಪುರಕ್ಕೆ ಹೋಗಬಹುದು ಅಂತಲೂ ಆಯಿತು. ನಮ್ಮ ನಿಯಮ ಈಗ ಎರಡೂ ಕಡೆ ನೋಡುತ್ತದೆ. ಒಪ್ಪುವ ರೀಜನ್ ಎರಡೇ, ಮುಂಬೈ ಮತ್ತು 2022ರಲ್ಲಿ ಶುರುವಾದ ಹೈದರಾಬಾದ್. ಯಾರಿಗೆ ಯಾವ ಹಕ್ಕು ಅಂತ ನೋಡಿಕೊಳ್ಳುವ ಐಎಎಂನಂತಹ ರೀಜನ್ ಇಲ್ಲದ ಸೇವೆಗಳನ್ನು ಹೆಸರಿಟ್ಟು ಬಿಟ್ಟಿದ್ದೇವೆ.

ಜೆಂಕಿನ್ಸ್‌ಗೆ ಜೋಡಿಸುವಾಗ

ನಿಯಮ ಸರಿ ಇದ್ದರೂ ಪೈಪ್‌ಲೈನ್ ಅದನ್ನು ಕೇಳಿಸಿಕೊಳ್ಳದೇ ಹೋಗಬಹುದು. ಇದನ್ನು ಮೂರು ಕಡೆ ಕಂಡೆವು.

ಕಾನ್ಫ್‌ಟೆಸ್ಟ್‌ನ ಔಟ್‌ಪುಟ್ ಅನ್ನು, ಪರದೆಗೂ ಫೈಲ್‌ಗೂ ಬರೆಯುವ ಟೀ ಕಮಾಂಡ್‌ಗೆ ಪೈಪ್ ಮಾಡಿದರೆ, ಶೆಲ್ ನೋಡುವುದು ಟೀಯ ಫಲಿತಾಂಶವನ್ನು. ಅದು ಸಾಮಾನ್ಯವಾಗಿ ಸರಿಯೇ. ಜೆಂಕಿನ್ಸ್‌ನ ಶೆಲ್ ಹೆಜ್ಜೆಯಲ್ಲಿ ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲು ಅನ್ನುವ ಪೈಪ್‌ಫೇಲ್ ಆಯ್ಕೆ ತಾನಾಗಿ ಇರುವುದಿಲ್ಲ. ನಾವು ಪೈಪ್ ತೆಗೆದು, ಫಲಿತಾಂಶವನ್ನು ಫೈಲ್‌ಗೆ ಬರೆಸುತ್ತೇವೆ.

ಎರಡನೆಯದು, ಫಲಿತಾಂಶವನ್ನು ಜೆಯೂನಿಟ್ ಅನ್ನುವ ಟೆಸ್ಟ್ ವರದಿ ರೂಪದಲ್ಲಿ ತೆಗೆದರೆ ಜೆಂಕಿನ್ಸ್‌ನ ಟೆಸ್ಟ್ ಪುಟದಲ್ಲಿ ಚಂದ ಕಾಣುತ್ತದೆ. ಆದರೆ ಜೆಯೂನಿಟ್ ಹೆಜ್ಜೆ ಫೇಲ್ ಆದ ಟೆಸ್ಟ್ ಕಂಡರೆ ಬಿಲ್ಡ್ ಅನ್ನು ಕೆಂಪು ಮಾಡುವುದಿಲ್ಲ, ಹಳದಿ ಮಾಡುತ್ತದೆ. ಅನ್‌ಸ್ಟೇಬಲ್ ಅನ್ನುವ ಸ್ಥಿತಿ ಅದು. ಡಿಕ್ಲರೇಟಿವ್ ಪೈಪ್‌ಲೈನ್‌ನಲ್ಲಿ ಹಳದಿ ಆದರೂ ಮುಂದಿನ ಸ್ಟೇಜ್ ಓಡುತ್ತದೆ, ಮುಂದಿನ ಸ್ಟೇಜ್ ಅಂದರೆ ಅಪ್ಲೈ! ಸ್ಕಿಪ್ ಸ್ಟೇಜಸ್ ಆಫ್ಟರ್ ಅನ್‌ಸ್ಟೇಬಲ್ ಅನ್ನುವ ಆಯ್ಕೆ ಹಾಕಿದೆವು. ಅದರ ಮೇಲೆ, ಗೆದ್ದಿತೋ ಸೋತಿತೋ ಹೇಳುವ ಕಾನ್ಫ್‌ಟೆಸ್ಟ್‌ನ ಸ್ವಂತ ಎಕ್ಸಿಟ್ ಕೋಡ್‌ನಿಂದಲೂ ಸ್ಟೇಜ್ ನಿಲ್ಲುವ ಹಾಗೆ ಮಾಡಿದೆವು. ವರದಿ ಬರೆಯುವ ಕೆಲಸ ಕೊನೆಗೆ ಓಡುವ ಪೋಸ್ಟ್ ಭಾಗಕ್ಕೆ ಹೋಯಿತು.

ಮೂರನೆಯದು ಎಲ್ಲಕ್ಕಿಂತ ಮೌನವಾದದ್ದು. ಕಾನ್ಫ್‌ಟೆಸ್ಟ್ ತಾನಾಗಿ ನೋಡುವುದು ಮೇನ್ ಅನ್ನುವ ಪ್ಯಾಕೇಜ್ ಅನ್ನು ಮಾತ್ರ. ನಿಯಮದ ಫೈಲ್‌ನಲ್ಲಿ ಪ್ಯಾಕೇಜ್ ಹೆಸರು ಬೇರೆ ಇದ್ದರೆ ಅದು ಆ ನಿಯಮಗಳನ್ನು ಓಡಿಸುವುದೇ ಇಲ್ಲ. ಸೊನ್ನೆ ಟೆಸ್ಟ್, ಸೊನ್ನೆ ಫೇಲ್, ಬಿಲ್ಡ್ ಹಸಿರು. ಎಲ್ಲ ನೇಮ್‌ಸ್ಪೇಸ್, ಅಂದರೆ ಎಲ್ಲ ಪ್ಯಾಕೇಜ್, ನೋಡು ಅನ್ನುವ ಆಯ್ಕೆ ಕೊಡುವುದು ಒಳ್ಳೆಯದು.

ಇವನ್ನೆಲ್ಲ ನೋಡಿದ ಮೇಲೆ ನಮ್ಮ ಪೈಪ್‌ಲೈನ್‌ನಲ್ಲಿ ಒಂದು ಹೆಜ್ಜೆ ಸೇರಿತು. ಬೇರೆ ಏನೇ ತೆಗೆದರೂ ಅದನ್ನು ತೆಗೆಯಲು ನಾನು ಒಪ್ಪುವುದಿಲ್ಲ. ನಿಜವಾದ ಪ್ಲಾನ್ ನೋಡುವ ಮೊದಲು, ನಾವೇ ಕೆಡಿಸಿಟ್ಟ ಪ್ಲಾನ್‌ಗಳ ಮೇಲೆ ಅದೇ ಕಮಾಂಡ್, ಅದೇ ಆಯ್ಕೆಗಳೊಂದಿಗೆ ಓಡುತ್ತದೆ. ಪ್ರತಿ ನಿಯಮಕ್ಕೂ ಒಂದು ಕೆಟ್ಟ ಪ್ಲಾನ್ ಇದೆ. ಮೈನಸ್ 1 ಇರುವುದು, ಐಪಿವಿ6 ತೆರೆದಿರುವುದು, ಎನ್‌ಕ್ರಿಪ್ಶನ್ ಸಾಲೇ ಇಲ್ಲದ್ದು, ಹೀಗೆ. ಅವೆಲ್ಲ ಫೇಲ್ ಆಗಬೇಕು. ಒಂದೇ ಒಂದು ಪಾಸ್ ಆದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಕಾನ್ಫ್‌ಟೆಸ್ಟ್ ವೆರಿಫೈ ಅಂತ ರೆಗೊ ಯೂನಿಟ್ ಟೆಸ್ಟ್‌ಗಳಿಗೆ ಬೇರೆ ಕಮಾಂಡ್ ಇದೆ, ಅದನ್ನೂ ಬಳಸುತ್ತೇವೆ. ಆದರೆ ಅದು ನಿಯಮ ಸರಿ ಇದೆಯಾ ಅಂತ ಮಾತ್ರ ಹೇಳುತ್ತದೆ. ಪೈಪ್‌ಲೈನ್ ಆ ನಿಯಮವನ್ನು ನಿಜವಾಗಿ ಓಡಿಸುತ್ತಿದೆಯಾ ಅಂತ ಹೇಳುವುದಿಲ್ಲ. ತಪಾಸಣೆ ಇಲ್ಲ ಅಂತ ಗೊತ್ತಿದ್ದರೆ ಜನ ಕಣ್ಣಿಟ್ಟು ನೋಡುತ್ತಾರೆ. ತಪಾಸಣೆ ಇದೆ ಅಂತ ನಂಬಿ ಅದು ಓಡದೇ ಇದ್ದರೆ ಯಾರೂ ನೋಡುವುದಿಲ್ಲ.

ನಿಯಮಗಳು ಬೇರೆ ರೆಪೊದಲ್ಲಿವೆ, ಅಂದರೆ ಕೋಡ್ ಇಡುವ ಬೇರೆ ಸಂಗ್ರಹದಲ್ಲಿ. ಒಂದೇ ರೆಪೊದಲ್ಲಿದ್ದರೆ, ಪೋರ್ಟ್ ತೆರೆಯಲು ಕಳಿಸುವ ಬದಲಾವಣೆಯಲ್ಲೇ (ಪುಲ್ ರಿಕ್ವೆಸ್ಟ್) ಆ ನಿಯಮವನ್ನೂ ಅಳಿಸಬಹುದು. ಪೈಪ್‌ಲೈನ್ ಆ ರೆಪೊದ ಒಂದು ನಿಗದಿತ ಟ್ಯಾಗ್, ಅಂದರೆ ಗುರುತು ಹಾಕಿದ ಆವೃತ್ತಿ, ತರುತ್ತದೆ.

ಜನರಿಗೆ ಒಪ್ಪಿಸಿದ್ದು

ಮೊದಲು ಎಲ್ಲ ನಿಯಮಗಳನ್ನೂ ತಡೆಯುವ ಡಿನೈ ಬದಲು ಬರೀ ಎಚ್ಚರಿಸುವ ವಾರ್ನ್ ಅಂತ ಬಿಟ್ಟೆವು. ಸುಮ್ಮನೆ ಸುಳ್ಳು ಎಚ್ಚರಿಕೆ ಕೊಡುವ ನಿಯಮಗಳು ಯಾವುವು ಅಂತ ಅದರಿಂದ ಗೊತ್ತಾಯಿತು. ಸರಿಪಡಿಸಿ ಒಂದೊಂದನ್ನೇ ಡಿನೈ ಮಾಡಿದೆವು. ಹಳೆಯ ರಿಸೋರ್ಸ್‌ಗಳ ಪ್ರಶ್ನೆ ಕಷ್ಟದ್ದು. ಆಕ್ಷನ್ ನೋ ಆಪ್, ಅಂದರೆ ಏನೂ ಬದಲಾಗದ್ದು, ಆಗಿದ್ದರೂ ತಡೆದರೆ, ಒಂದು ಟ್ಯಾಗ್ ಬದಲಿಸಲು ಬಂದವರ ತಲೆಗೆ ಹಿಂದಿನವರ ಬಾಕಿಯೆಲ್ಲ ಬೀಳುತ್ತದೆ. ಹಾಗಾಗಿ ಹೊಸದು ಮತ್ತು ಬದಲಾಗುತ್ತಿರುವುದಕ್ಕೆ ಡಿನೈ, ಮುಟ್ಟದೇ ಇರುವುದಕ್ಕೆ ವಾರ್ನ್. ಹಳೆಯ ಬಾಕಿ ತೀರಿಸುವುದಕ್ಕೆ ಬೇರೆ ಟಿಕೆಟ್‌ಗಳು.

ತಂಡದಲ್ಲಿ ವಿಜಯಪುರದಿಂದ ಬಂದ ಹೊಸ ಎಂಜಿನಿಯರ್ ಒಬ್ಬರಿದ್ದಾರೆ. ಮೊದಲ ವಾರವೇ ಅವರು ಬಂದು ಕೇಳಿದರು: "ಫೇಲ್ ಆಗ್ಯದ ಅಂತ ಗೊತ್ತಾತ್ರಿ ಸರ. ಮುಂದ ಏನ್ ಮಾಡ್ಬೇಕಂತ ಇದ್ರಾಗ ಎಲ್ಲೂ ಬರ್ದಿಲ್ಲಲ್ರೀ?" ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಅವತ್ತಿಂದ ಪ್ರತಿ ನಿಯಮದ ಸಂದೇಶದಲ್ಲೂ ಯಾವ ರಿಸೋರ್ಸ್, ಈಗ ಏನಿದೆ, ಏನಿರಬೇಕು, ಯಾವ ಸಾಲು ಸೇರಿಸಬೇಕು ಅಂತ ಬರೆಯುತ್ತೇವೆ. ನಿಯಮಕ್ಕೊಂದು ಸಂಖ್ಯೆ ಇದೆ, ಆ ಸಂಖ್ಯೆಗೆ ವಿಕಿಯಲ್ಲಿ ಒಂದು ಪುಟ ಇದೆ. ಆ ಪುಟಗಳಲ್ಲಿ ಬಹಳಷ್ಟನ್ನು ಈಗ ಅವರೇ ಬರೆಯುತ್ತಾರೆ.

ವಿನಾಯಿತಿ ಕೇಳುವವರು ಇದ್ದೇ ಇರುತ್ತಾರೆ, ಎಷ್ಟೋ ಸಲ ಕಾರಣ ಸರಿಯಾದದ್ದೇ ಇರುತ್ತದೆ. ನಿಯಮಗಳ ರೆಪೊದಲ್ಲೇ ಒಂದು ವಿನಾಯಿತಿ ಫೈಲ್ ಇದೆ. ರಿಸೋರ್ಸ್‌ನ ಪೂರ್ತಿ ವಿಳಾಸ, ನಿಯಮದ ಸಂಖ್ಯೆ, ಕಾರಣ, ಕೊನೆಯ ದಿನಾಂಕ, ನಾಲ್ಕೂ ಬೇಕು. ದಿನಾಂಕ ಮುಗಿದರೆ ನಿಯಮ ತಾನಾಗಿ ಮತ್ತೆ ಹೊಡೆಯುತ್ತದೆ. ರೆಗೊದಲ್ಲಿ ಈಗಿನ ಸಮಯ ಸಿಗುತ್ತದೆ, ಹಾಗಾಗಿ ಇದು ಕಷ್ಟವಲ್ಲ. ಟೆಸ್ಟ್ ಬರೆಯುವಾಗ ವಿತ್ ಪದ ಬಳಸಿ ಆ ಸಮಯವನ್ನು ನಮಗೆ ಬೇಕಾದ ದಿನಕ್ಕೆ ಬದಲಿಸಬಹುದು. ಚೆಕಾವ್‌ನಲ್ಲಿ ಕೋಡ್‌ನೊಳಗೇ ಕಾಮೆಂಟ್ ಹಾಕಿ ನಿಯಮ ಬಿಡಿಸಬಹುದು. ಅದಕ್ಕೆ ಕೊನೆಯ ದಿನಾಂಕ ಇಲ್ಲ, ಹಾಗಾಗಿ ರಿವ್ಯೂನಲ್ಲಿ ಆ ಕಾಮೆಂಟ್ ಕಂಡರೆ ಇಬ್ಬರ ಒಪ್ಪಿಗೆ ಬೇಕು ಅಂತ ಮಾಡಿದ್ದೇವೆ.

ಪೈಪ್‌ಲೈನ್‌ಗೆ ಕಾಣದ್ದು

ತುರ್ತಿನಲ್ಲಿ ಯಾರಾದರೂ ಅಮೆಜಾನ್‌ನ ವೆಬ್ ಕನ್ಸೋಲ್‌ಗೆ ಹೋಗಿ ಪೋರ್ಟ್ ತೆರೆದರೆ ಇದ್ಯಾವುದೂ ಅದನ್ನು ತಡೆಯುವುದಿಲ್ಲ. ರೀಜನ್‌ನಂಥ ಗಟ್ಟಿ ಗಡಿಗೆ ಸಂಸ್ಥೆಯ ಅಕೌಂಟ್‌ಗಳಿಗೆ ಮಿತಿ ಹಾಕುವ, ಆರ್ಗನೈಸೇಶನ್ ಮಟ್ಟದ ಸರ್ವಿಸ್ ಕಂಟ್ರೋಲ್ ಪಾಲಿಸಿಯೇ ಬೇಕು, ಅದನ್ನೂ ಹಾಕಿದ್ದೇವೆ. ಉಳಿದದ್ದಕ್ಕೆ ರಾತ್ರಿ ಒಂದು ಜಾಬ್ ಓಡುತ್ತದೆ. ಅದು ಡೀಟೇಲ್ಡ್ ಎಕ್ಸಿಟ್‌ಕೋಡ್ ಆಯ್ಕೆಯೊಂದಿಗೆ ಪ್ಲಾನ್ ಮಾಡುತ್ತದೆ. 0 ಬಂದರೆ ವ್ಯತ್ಯಾಸ ಇಲ್ಲ, 1 ಅಂದರೆ ದೋಷ, 2 ಅಂದರೆ ವ್ಯತ್ಯಾಸ ಇದೆ. ಜೆಂಕಿನ್ಸ್ 2 ಅನ್ನೂ ಸೋಲು ಅಂತಲೇ ತಿಳಿಯುತ್ತದೆ, ಹಾಗಾಗಿ ರಿಟರ್ನ್ ಸ್ಟೇಟಸ್ ಕೇಳಿ ನಾವೇ ಬೇರೆ ಮಾಡಬೇಕು.

ಇಲ್ಲಿ ನಿಯಮಗಳಿಗೂ ಒಂದು ಬದಲಾವಣೆ ಬೇಕಾಯಿತು. ಕನ್ಸೋಲ್‌ನಲ್ಲಿ ಯಾರೋ 22 ತೆರೆದಿದ್ದಾರೆ ಅಂತಿಟ್ಟುಕೊಳ್ಳಿ. ರಾತ್ರಿಯ ಪ್ಲಾನ್‌ನಲ್ಲಿ ಆಫ್ಟರ್ ಅಂದರೆ ನಮ್ಮ ಕೋಡ್ ಹೇಳುವ ಸ್ಥಿತಿ, ಅಲ್ಲಿ 22 ಮುಚ್ಚಿಯೇ ಇದೆ. ನಿಯಮ ಎಲ್ಲ ಸರಿ ಅನ್ನುತ್ತದೆ. ನಿಜವಾಗಿ ಕ್ಲೌಡ್‌ನಲ್ಲಿರುವುದು ರಿಸೋರ್ಸ್ ಡ್ರಿಫ್ಟ್ ಅನ್ನುವ ಬೇರೆ ಪಟ್ಟಿಯಲ್ಲಿರುತ್ತದೆ. ರಾತ್ರಿಯ ಜಾಬ್‌ನಲ್ಲಿ ಅದೇ ನಿಯಮಗಳು ಆ ಪಟ್ಟಿಯ ಮೇಲೂ ಓಡುತ್ತವೆ. ಏನಾದರೂ ಸಿಕ್ಕರೆ ಬೆಳಿಗ್ಗೆ ತಂಡದ ಚಾಟ್ ಗುಂಪಿಗೆ ರಿಸೋರ್ಸ್‌ನ ವಿಳಾಸ ಬರುತ್ತದೆ.

ಕೋಡ್‌ಗೂ, ಟೆರಾಫಾರ್ಮ್ ತಾನು ಮಾಡಿದ್ದನ್ನು ಬರೆದಿಡುವ ಸ್ಟೇಟ್ ಫೈಲ್‌ಗೂ ಸಂಬಂಧವೇ ಇಲ್ಲದೆ ಕನ್ಸೋಲ್‌ನಲ್ಲಿ ಹೊಸದಾಗಿ ಹುಟ್ಟಿದ ರಿಸೋರ್ಸ್ ಇದರಲ್ಲೂ ಕಾಣುವುದಿಲ್ಲ. ಅದಕ್ಕೆ, ಅಮೆಜಾನ್ ಅಕೌಂಟ್‌ನಲ್ಲಿರುವ ರಿಸೋರ್ಸ್‌ಗಳನ್ನು ಗಮನಿಸುವ ಎಡಬ್ಲ್ಯೂಎಸ್ ಕಾನ್ಫಿಗ್ ಹಚ್ಚುತ್ತಿದ್ದೇವೆ. ಅದರಲ್ಲಿ ರೆಸ್ಟ್ರಿಕ್ಟೆಡ್ ಎಸ್‌ಎಸ್‌ಎಚ್ ಅಂತ ಸಿದ್ಧ ನಿಯಮ ಇದೆ, ಮೊದಲು ಅದನ್ನೇ ಸ್ಟೇಜಿಂಗ್ ಅಕೌಂಟ್‌ನಲ್ಲಿ ಹಾಕಿದ್ದೇವೆ. ಅಲ್ಲಿ ಬೇಕೆಂದೇ 22 ತೆರೆದ ಒಂದು ಸೆಕ್ಯೂರಿಟಿ ಗ್ರೂಪ್ ಇಟ್ಟು, ನಿಯಮ ಅದನ್ನು ಹಿಡಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಪ್ರೊಡಕ್ಷನ್‌ಗೆ ಹಾಕುತ್ತೇವೆ.